ಮನೆಯ ಕಬ್ಬಿಣದ ಕೆಲಸಕ್ಕೆ ಬೆಲ್ಟ್ ಸ್ಯಾಂಡರ್: ಮೊದಲು ಬೆಲ್ಟ್ ಕೇಳಿ, ಆಮೇಲೆ ಮಷೀನ್

ಬೆಲ್ಟ್ ಸ್ಯಾಂಡರ್ ಅಂದರೆ ಉಜ್ಜುವ ಹರಳು ಅಂಟಿಸಿದ ಬಟ್ಟೆಯ ಪಟ್ಟಿಯನ್ನು ಚಕ್ರಗಳ ಮೇಲೆ ಓಡಿಸುವ ಮಷೀನ್. ನನ್ನ ಮೊದಲನೆಯದು ಕೆಟ್ಟ ಮಷೀನ್ ಆಗಿರಲಿಲ್ಲ. ಮೋಟರ್ ಗಟ್ಟಿ ಇತ್ತು, ಟೇಬಲ್ ಸಮತಟ್ಟಾಗಿತ್ತು, ಜೊತೆಗೆ ಎರಡು ಬೆಲ್ಟ್ ಕೊಟ್ಟಿದ್ದರು. ಹುಬ್ಬಳ್ಳಿ ನವನಗರದ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಬೋಲ್ಟ್ ಹಾಕಿ ಕೂರಿಸಿದೆ. ಎರಡೇ ವಾರಕ್ಕೆ ಎರಡೂ ಬೆಲ್ಟ್ ಸವೆದವು. ಆಮೇಲೆ ಶುರುವಾಯಿತು ತಿರುಗಾಟ. ಸ್ಟೇಶನ್ ರೋಡ್, ಕೊಪ್ಪೀಕರ ರಸ್ತೆ, ದುರ್ಗದ ಬೈಲಿನ ಸುತ್ತಮುತ್ತ, ಕಂಡ ಕಂಡ ಹಾರ್ಡ್‌ವೇರ್ ಅಂಗಡಿ ಹತ್ತಿ ಇಳಿದೆ. ನನ್ನ ಮಷೀನಿಗೆ ಬೇಕಾದದ್ದು 50 ಬೈ 686 ಮಿಲಿಮೀಟರಿನ ಬೆಲ್ಟ್. ಆ ಅಳತೆ ಯಾರ ಹತ್ತಿರವೂ ಇರಲಿಲ್ಲ. ಕಡೆಗೆ ಹೊರಗಿನಿಂದ ತರಿಸಿದೆ. ಮೂರು ವಾರ ಹಿಡಿಯಿತು. ಬಂದದ್ದು ನೋಡಿದರೆ ಮರ ಉಜ್ಜುವ ಬೆಲ್ಟು.

ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಾನು ಲೇಥ್ ಕೆಲಸ ಮಾಡಿಸುವ ಕಾಕಾ ಒಬ್ಬರಿದ್ದಾರೆ. ಅವರ ಮುಂದೆ ಇದನ್ನೆಲ್ಲ ಹೇಳಿಕೊಂಡಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಅಂದರು: "ತಮ್ಮಾ, ಮಷೀನ್ ಒಮ್ಮೆ ತಗೋತಿ. ಬೆಲ್ಟ್ ತಿಂಗಳಾ ತಿಂಗಳಾ ತಗೋಬೇಕಾಗತೈತಿ. ಬೆಲ್ಟ್ ಎಲ್ಲಿ ಸಿಗ್ತಾವ ಅಂತ ಮೊದ್ಲ ಕೇಳಬೇಕಿತ್ತಲ್ಲ?"

ಅವತ್ತಿನಿಂದ ಯಾರು ಕೇಳಿದರೂ ನಾನು ಇದೇ ಮಾತು ಹೇಳುತ್ತೇನೆ. ಮೊದಲು ಬೆಲ್ಟಿನ ಅಳತೆ ಗಟ್ಟಿ ಮಾಡಿಕೊಳ್ಳಿ. ಆ ಅಳತೆಯಲ್ಲಿ ಲೋಹಕ್ಕೆ ಆಗುವ ಬೆಲ್ಟ್ ಸುಲಭವಾಗಿ ಸಿಗುತ್ತದೆಯಾ ನೋಡಿ. ಸಿಗುತ್ತದೆ ಅಂದರೆ ಮಾತ್ರ ಮಷೀನಿನ ಕಡೆ ತಿರುಗಿ.

ಅಳತೆಗಳ ಲೆಕ್ಕ

ಮನೆ ವರ್ಕ್‌ಶಾಪಿಗೆ ಬರುವ ಮಷೀನುಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಅಳತೆ. 25 ಬೈ 762 ಮಿ.ಮೀ., ಅಂದರೆ ಒಂದು ಇಂಚು ಬೈ ಮೂವತ್ತು ಇಂಚು. 100 ಬೈ 915, ಅಂದರೆ ನಾಲ್ಕು ಬೈ ಮೂವತ್ತಾರು. ಇದರ ಪಕ್ಕದಲ್ಲಿ ಸಾಮಾನ್ಯವಾಗಿ 150 ಮಿ.ಮೀ. ಡಿಸ್ಕ್ ಇರುತ್ತದೆ. ಮೂರನೆಯದು 50 ಬೈ 1830, ಎರಡು ಬೈ ಎಪ್ಪತ್ತೆರಡು ಇಂಚು. ಚಾಕು ಮಾಡುವವರು ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವುದು ಇದನ್ನೇ. ಇವುಗಳ ನಡುವೆ 50 ಬೈ 1220ರಂಥ ಅಳತೆಗಳೂ ಇವೆ.

ಉದ್ದ ಜಾಸ್ತಿ ಇದ್ದರೆ ಏನು ಲಾಭ? ಒಮ್ಮೆ ಕೂತು ಲೆಕ್ಕ ಹಾಕಿ. 25 ಬೈ 762ರ ಬೆಲ್ಟಿನಲ್ಲಿ ಉಜ್ಜುವ ಜಾಗ ಸುಮಾರು 190 ಚದರ ಸೆಂಟಿಮೀಟರ್. 50 ಬೈ 1830ರಲ್ಲಿ 915. ಹತ್ತಿರ ಹತ್ತಿರ ಐದು ಪಟ್ಟು. ಅಷ್ಟು ಹೊತ್ತು ಜಾಸ್ತಿ ಬಾಳಿಕೆ ಬರುತ್ತದೆ ಅನ್ನುವುದು ಒಂದು ಮಾತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬಿಸಿಯ ವಿಷಯ. ಬೆಲ್ಟ್ ಸೆಕೆಂಡಿಗೆ 15 ಮೀಟರ್ ಓಡುತ್ತಿದೆ ಅಂದುಕೊಳ್ಳಿ. ಚಿಕ್ಕ ಬೆಲ್ಟಿನ ಒಂದೊಂದು ಹರಳೂ ಸೆಕೆಂಡಿಗೆ ಇಪ್ಪತ್ತು ಸಲ ಕಬ್ಬಿಣಕ್ಕೆ ತಗಲುತ್ತದೆ. ಉದ್ದ ಬೆಲ್ಟಿನ ಹರಳು ಎಂಟೇ ಸಲ. ನಡುವೆ ಗಾಳಿಯಲ್ಲಿ ಸುತ್ತಿ ಆರಲು ಅದಕ್ಕೆ ಸಮಯ ಸಿಗುತ್ತದೆ. ಬೆಲ್ಟ್ ತಂಪಾಗಿದ್ದರೆ ಉಜ್ಜುವ ಕಬ್ಬಿಣವೂ ತಂಪಾಗಿರುತ್ತದೆ.

ಇದನ್ನು ನಾನು ಕಲಿತದ್ದು ಒಂದು ಕುಡುಗೋಲಿನಿಂದ. ಮೊದಲ ಮಷೀನ್ ಬೇಸರವಾಗಿ 25 ಬೈ 762ರದ್ದು ಒಂದನ್ನು ತಂದಿದ್ದೆ. ಅದೇ ಹೊತ್ತಿಗೆ ನವಲಗುಂದದ ಸೋದರಮಾವ ಕುಡುಗೋಲು ಕಳಿಸಿದ್ದರು. ಹಳೆಯ ಕಮಾನ್ ಪಟ್ಟಿಯಿಂದ ಕಮ್ಮಾರರು ಬಡಿದು ಮಾಡಿದ್ದು, ಒಳ್ಳೆ ಉಕ್ಕು. ನನ್ನ ಹತ್ತಿರ ಇದ್ದದ್ದು ಅರ್ಧ ಸವೆದ 120ರ ಬೆಲ್ಟ್ (ಇದು ಹರಳಿನ ನಂಬರ್, ನಂಬರ್ ಹೆಚ್ಚಾದಷ್ಟೂ ಹರಳು ಸಣ್ಣ). ಕಚ್ಚುತ್ತಿಲ್ಲ ಅಂತ ಸ್ವಲ್ಪ ಒತ್ತಿ ಹಿಡಿದೆ. ಬಾಯಿಯ ಅಂಚಿನಲ್ಲಿ ಒಣಹುಲ್ಲಿನ ಬಣ್ಣದ ಒಂದು ಗೆರೆ ಮೂಡಿತು. ನೀರಿಗೆ ಅದ್ದಬೇಕು ಅನ್ನುವಷ್ಟರಲ್ಲಿ ಅದು ನೇರಳೆಯಾಗಿ, ನೀಲಿಯಾಗಿ, ತುದಿಯವರೆಗೆ ಓಡಿಹೋಯಿತು. ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೆ. ಹುಲ್ಲಿನ ಬಣ್ಣ ಅಂದರೆ ಉಕ್ಕು 220–230 ಡಿಗ್ರಿ ಮುಟ್ಟಿದೆ, ನೀಲಿ ಅಂದರೆ 300ರ ಆಸುಪಾಸು. ಅಲ್ಲಿಗೆ ಹದ ಹೋಯಿತು. ನೀಲಿಯನ್ನು ಉಜ್ಜಿ ತೆಗೆದರೆ ಹೊಳಪು ಬರುತ್ತದೆ, ಹೋದ ಹದ ಬರುವುದಿಲ್ಲ. ಎರಡು ದಿನಕ್ಕೆ ಮಾವನ ಫೋನ್ ಬಂತು: "ಅಳಿಯಾ, ಬಾಯಿ ಮಡಚಾಕತ್ತೈತಿ. ಮೆತ್ತಗಾಗೇತಿ ಇದು." ಆ ಮಾತು ಇವತ್ತಿಗೂ ನನಗೆ ನೆನಪಿದೆ. ಅವರ ಸುಗ್ಗಿಯ ಎರಡು ದಿನ ನನ್ನಿಂದ ಹಾಳಾಗಿತ್ತು.

ಹಾಗಂತ ಚಿಕ್ಕ ಮಷೀನಿನಲ್ಲಿ ಹರಿತ ಮಾಡಲೇಬಾರದು ಅಂತಲ್ಲ. ಹೊಸ ಬೆಲ್ಟ್ ಹಾಕಿ, ಒತ್ತಬೇಡಿ, ಬರಿಗೈಯಲ್ಲಿ ಹಿಡಿಯಿರಿ, ಒಂದೊಂದು ಎಳೆತಕ್ಕೂ ನೀರಿಗೆ ಅದ್ದಿ. ಬೆರಳಿಗೆ ಬಿಸಿ ತಗಲಿತು ಅಂದರೆ ತಕ್ಷಣ ನಿಲ್ಲಿಸಿ. ಈಳಿಗೆ, ಕುಡುಗೋಲಿನ ಒಳ ಬಾಗು, ಅಡುಗೆಮನೆಯ ಚಾಕು, ಇಷ್ಟಕ್ಕೇ ಆದರೆ ಒಂದು ಇಂಚಿನ ಬೆಲ್ಟ್ ಸಾಕು. ಅಗಲ ಕಡಿಮೆ ಇರುವುದರಿಂದ ಬಾಗಿದ ಕಡೆ ಚೆನ್ನಾಗಿ ಹೋಗುತ್ತದೆ.

ವೇಗ ಮತ್ತು ಮೋಟರ್

ಬೆಲ್ಟ್ ಎಷ್ಟು ವೇಗವಾಗಿ ಓಡುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರುವುದನ್ನು ನಂಬಿ ಕೂರಬೇಡಿ. ಮೋಟರಿಗೆ ಕೂರಿಸಿದ ಚಕ್ರದ ವ್ಯಾಸ ಅಳೆಯಿರಿ. ಮೀಟರಿನಲ್ಲಿ ಎಷ್ಟಿದೆಯೋ ಅದನ್ನು 3.14ರಿಂದ ಗುಣಿಸಿ, ಮೋಟರಿನ ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿ, 60ರಿಂದ ಭಾಗಿಸಿ. 100 ಮಿ.ಮೀ. ಚಕ್ರ, 2850 ಆರ್‌ಪಿಎಂ ಇದ್ದರೆ ಸೆಕೆಂಡಿಗೆ ಸುಮಾರು 15 ಮೀಟರ್ ಬರುತ್ತದೆ. ಕಬ್ಬಿಣದ ಮನೆಗೆಲಸಕ್ಕೆ ಅದು ಒಳ್ಳೆ ವೇಗ. ಅದೇ ಚಕ್ರ 1440 ಆರ್‌ಪಿಎಂ ಮೋಟರಿಗಿದ್ದರೆ ಏಳೂವರೆ ಮೀಟರ್. ಫಿನಿಶಿಂಗಿಗೆ, ಮರಕ್ಕೆ ನಡೆಯುತ್ತದೆ. ಲೋಹ ಕೆತ್ತಿ ತೆಗೆಯಲು ಮಾತ್ರ ತುಂಬಾ ನಿಧಾನ.

ವಿಡಿಯೋ ನೋಡಿ ಮಷೀನ್ ಆರಿಸುವವರು ಇಲ್ಲೊಂದು ವಿಷಯ ಗಮನಿಸಿ. ಅಮೆರಿಕದ ಕರೆಂಟು 60 ಹರ್ಟ್ಸ್. ಅಲ್ಲಿ 3450 ಆರ್‌ಪಿಎಂ ಓಡುವ ಮೋಟರಿನ ಜೋಡಿ ನಮ್ಮ 50 ಹರ್ಟ್ಸ್‌ನಲ್ಲಿ 2850 ಓಡುತ್ತದೆ. ಅಲ್ಲಿ ಸೆಕೆಂಡಿಗೆ 18 ಮೀಟರ್ ಓಡುವ ಬೆಲ್ಟ್ ಇಲ್ಲಿ 15. ಆರರಲ್ಲಿ ಒಂದು ಪಾಲು ಕಡಿಮೆ. ಅವರ ಕೈಯಲ್ಲಿ ಬೆಣ್ಣೆಯಂತೆ ಕತ್ತರಿಸುವ ಮಷೀನ್ ನಮ್ಮಲ್ಲಿ ಸ್ವಲ್ಪ ಮಂಕು ಅನಿಸಿದರೆ ಇದೂ ಒಂದು ಕಾರಣ.

ಮೋಟರಿನ ಶಕ್ತಿಗೆ ಕೆಲಸಗಾರರ ಒಂದು ಒರಟು ಲೆಕ್ಕವಿದೆ: ಬೆಲ್ಟಿನ ಅಗಲ ಇಂಚಿಗೆ ಒಂದು ಎಚ್‌ಪಿ. ಮನೆಯಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ. ಒಂದು ಇಂಚಿಗೆ ಅರ್ಧ ಎಚ್‌ಪಿ, ಎರಡು ಇಂಚಿಗೆ ಒಂದೂವರೆ ಇದ್ದರೆ ನನಗೆ ಸಾಕು. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಓಡುವಾಗ ಆರೇಳು ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಐದಾರು ಪಟ್ಟು. ಹಾಗಾಗಿ ಟಿವಿ ಹಾಕುವ 6 ಆಂಪಿಯರ್ ಪಿನ್ನಿನಲ್ಲಿ ಹಾಕಲೇಬೇಡಿ. 16 ಆಂಪಿಯರ್ ಪವರ್ ಪಾಯಿಂಟ್ ಬೇಕು, ಎಕ್ಸ್‌ಟೆನ್ಶನ್ ಇದ್ದರೆ ವೈರ್ 2.5 ಚದರ ಮಿ.ಮೀ. ಇರಲಿ. ಎರಡು ಎಚ್‌ಪಿ ಅಂದರೆ ಎರಡು ಕಿಲೋವ್ಯಾಟ್ ದಾಟುತ್ತದೆ. ಹೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ಒಮ್ಮೆ ನೋಡಿಕೊಳ್ಳಿ.

ವೋಲ್ಟೇಜ್ ಇಳಿಯುವ ಏರಿಯಾದವರಿಗೆ ಇನ್ನೊಂದು ಮಾತು. ಇಂಡಕ್ಷನ್ ಮೋಟರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ಇರಬೇಕಾದ ಕಡೆ 190 ಬಂದರೆ ಬಲದ ಮೂರರಲ್ಲಿ ಒಂದು ಪಾಲು ಹೋದಂತೆಯೇ. ಸಂಜೆ ಹೊತ್ತು ಮಷೀನ್ ಗುಂಯ್ ಅನ್ನುತ್ತ ತಿರುಗಲು ಒದ್ದಾಡಿದರೆ ತಕ್ಷಣ ಆಫ್ ಮಾಡಿ. ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ.

ಮೋಟರಿನ ಪ್ಲೇಟಿನಲ್ಲಿ ಎರಡು ಕಡೆ ಕಣ್ಣು ಹಾಯಿಸಿ. ಒಂದು, "ಎಸ್1" ಅಂತ ಇದೆಯೋ "ಎಸ್2 30 ಮಿನಿಟ್" ಅಂತ ಇದೆಯೋ. ಎಸ್1 ಅಂದರೆ ಬಿಡದೆ ಓಡಿಸಬಹುದು. ಎಸ್2 ಅಂದರೆ ಅರ್ಧ ಗಂಟೆ ಓಡಿಸಿ, ಪೂರ್ತಿ ಆರಲು ಬಿಡಬೇಕು. ಅಗ್ಗದ ಮಷೀನುಗಳಲ್ಲಿ ಇದು ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಎರಡು, ಮೋಟರ್ ಪೂರ್ತಿ ಮುಚ್ಚಿದ್ದು, ಹಿಂದೆ ಫ್ಯಾನ್ ಇರುವುದು ಬೇಕು. ತೂತು ಇರುವ ಮೋಟರಿನ ಒಳಗೆ ಕಬ್ಬಿಣದ ಧೂಳು ಹೋದರೆ ಒಂದಲ್ಲ ಒಂದು ದಿನ ಶಾರ್ಟ್ ಆಗುತ್ತದೆ.

ಯಾವ ಮಷೀನ್ ಯಾರಿಗೆ

ಬಡಿಗರು ಬಳಸುವ ಕೈ ಬೆಲ್ಟ್ ಸ್ಯಾಂಡರನ್ನು ಮಗುಚಿ ವೈಸಿನಲ್ಲಿ ಹಿಡಿದು ಕಬ್ಬಿಣ ಉಜ್ಜುವವರನ್ನು ನೋಡಿದ್ದೇನೆ. ಒಂದೆರಡು ಪಟ್ಟಿಗೆ ಸರಿ. ಆದರೆ ಅದರ ಧೂಳಿನ ಚೀಲದಲ್ಲಿ ಮರದ ಪುಡಿ ಇದ್ದಾಗ ಕಿಡಿ ಒಳಗೆ ಹೋದರೆ ಚೀಲ ಒಳಗೊಳಗೇ ಉರಿಯುತ್ತದೆ. ಬೇಡ ಅನ್ನುವುದೇ ನನ್ನ ಮಾತು.

ಹ್ಯಾಂಡ್ ಗ್ರೈಂಡರಿಗೆ ಸಿಕ್ಕಿಸುವ ಬೆಲ್ಟ್ ಅಟ್ಯಾಚ್‌ಮೆಂಟ್ ಬರುತ್ತದೆ. ಬೆಲ್ಟ್ ಬೆರಳಿನಷ್ಟು ಅಗಲ, 10 ಬೈ 330ರಂಥ ಅಳತೆ. ಗೇಟು, ಗ್ರಿಲ್ಲು, ಕುರ್ಚಿ ಮಾಡುವವರಿಗೆ ಪೈಪು ಪೈಪು ಕೂಡುವ ಮೂಲೆಯಲ್ಲಿ ವೆಲ್ಡಿಂಗ್ ಸ್ವಚ್ಛ ಮಾಡಲು ಇದರಷ್ಟು ಒಳ್ಳೆಯದು ಬೇರೆ ಇಲ್ಲ. ಆದರೆ ಕೆಲಸ ಹಿಡಿದು ಮಷೀನಿಗೆ ಒಡ್ಡುವುದು ಬೇರೆ, ಮಷೀನ್ ಹಿಡಿದು ಕೆಲಸಕ್ಕೆ ಒಡ್ಡುವುದು ಬೇರೆ. ಚಪ್ಪಟೆ ಮೇಲ್ಮೈ, ನೇರ ಅಂಚು ಇದರಿಂದ ಬರುವುದಿಲ್ಲ. ನಿಮ್ಮ ಕೆಲಸ ಬರೀ ಫ್ಯಾಬ್ರಿಕೇಶನ್ ಆದರೆ ಒಂದು ಹ್ಯಾಂಡ್ ಗ್ರೈಂಡರ್, ಫ್ಲ್ಯಾಪ್ ಡಿಸ್ಕ್, ಈ ಅಟ್ಯಾಚ್‌ಮೆಂಟ್ ಸಾಕು. ಬೆಂಚಿನ ಮೇಲೆ ಕೂರುವ ಮಷೀನಿಗೆ ಸುಮ್ನೆ ದುಡ್ಡು ಹಾಕಬೇಡಿ.

ಈಗಾಗಲೇ ಬೆಂಚ್ ಗ್ರೈಂಡರ್ ಇದ್ದವರು ಒಂದು ಬದಿಯ ಕಲ್ಲು ತೆಗೆದು ಅಲ್ಲಿ ಬೆಲ್ಟಿನ ಜೋಡಣೆ ಹಾಕಿಸಬಹುದು. ಮೋಟರಿನ ಖರ್ಚು ಉಳಿಯುತ್ತದೆ. ಅಲ್ಯೂಮಿನಿಯಂ ಕೆಲಸ ಇದ್ದವರಿಗಂತೂ ಇದು ಬೇಕೇ ಬೇಕು. ಸಾದಾ ಬೂದು ಕಲ್ಲಿನ ಮೇಲೆ ಅಲ್ಯೂಮಿನಿಯಂ ಉಜ್ಜಿದರೆ ಕಲ್ಲಿನ ಸಂದಿಗಳಲ್ಲಿ ಲೋಹ ತುಂಬಿ, ಕಲ್ಲು ಬಿಸಿಯಾಗಿ ಒಡೆಯುವ ಅಪಾಯವಿದೆ.

100 ಬೈ 915 ಮತ್ತು ಡಿಸ್ಕ್ ಇರುವ ಮಷೀನ್ ಅಂಗಡಿಯಲ್ಲಿ ನೋಡಲು ತುಂಬಾ ಆಸೆ ಹುಟ್ಟಿಸುತ್ತದೆ. ಅಗಲ ಬೆಲ್ಟ್, ಡಿಸ್ಕ್, ಓರೆ ಮಾಡಬಹುದಾದ ಟೇಬಲ್, ಎಲ್ಲ ಒಂದರಲ್ಲೇ. ಆದರೆ ಬಹುತೇಕ ಇವು ಮರಕ್ಕಾಗಿ ಮಾಡಿದವು. ಬೆಲ್ಟ್ ನಿಧಾನ, ಮೋಟರ್ ಚಿಕ್ಕದು, ಗಟ್ಟಿ ಒತ್ತಿದರೆ ನಿಂತೇಬಿಡುತ್ತದೆ. ಪಟ್ಟಿಯ ಮುಖ ಚಪ್ಪಟೆ ಮಾಡಲು, ಕತ್ತರಿಸಿದ ತುದಿಯ ಮುಳ್ಳು ತೆಗೆಯಲು ಚೆನ್ನಾಗಿದೆ. ಮರ, ಕಬ್ಬಿಣ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವವರು ತಗೊಳ್ಳಬಹುದು. ಮರದಿಂದ ಕಬ್ಬಿಣಕ್ಕೆ ಹೋಗುವಾಗ ಪ್ರತಿ ಸಲವೂ ಒಳಗಿನ ಪುಡಿ ಪೂರ್ತಿ ತೆಗೆಯಲೇಬೇಕು.

25 ಬೈ 762ರ ಬಗ್ಗೆ ಮೇಲೆ ಹೇಳಿದ್ದೇನೆ. ಇದರ ದುರ್ಬಲ ಜಾಗ ಪ್ಲೇಟನ್, ಅಂದರೆ ಬೆಲ್ಟಿನ ಹಿಂದೆ ಆಸರೆಗೆ ಇರುವ ಪಟ್ಟಿ. ಅಗ್ಗದ್ದರಲ್ಲಿ ಅದು ತೆಳು ತಗಡು. ಒತ್ತಿದರೆ ಹಿಂದಕ್ಕೆ ಬಾಗುತ್ತದೆ, ನಿಮ್ಮ ಅಂಚು ಗುಂಡಗಾಗುತ್ತದೆ. ನಾನು ಅದನ್ನು ಬಿಚ್ಚಿ 6 ಮಿ.ಮೀ. ಎಂ.ಎಸ್. (ಸಾದಾ ಉಕ್ಕಿನ) ಪಟ್ಟಿ ಹಾಕಿದೆ. ಒಂದು ಮಧ್ಯಾಹ್ನದ ಕೆಲಸ, ಆದರೆ ಅದೇ ಮಷೀನ್ ಬೇರೆ ಮಷೀನಿನಂತೆ ಆಯಿತು. ತುಂಬಾ ಕೆಲಸ ಇರುವವರು ಅದರ ಮೇಲೆ ಇಂಡಕ್ಷನ್ ಒಲೆಯ ಗಾಜಿನಂಥ ಸೆರಾಮಿಕ್ ಗಾಜನ್ನು ಅಂಟಿಸುತ್ತಾರೆ. ಅದು ಉಕ್ಕಿಗಿಂತ ನಿಧಾನ ಸವೆಯುತ್ತದೆ.

ಚಾಕು, ಉಳಿ, ಕೊಡಲಿ, ಕುಡುಗೋಲು ಮಾಡುವ ಆಸೆ ಇದ್ದರೆ, ಸ್ವಲ್ಪ ತಡವಾದರೂ ಸರಿ, 50 ಬೈ 1830ಕ್ಕೆ ಕಾಯಿರಿ. ನನ್ನ ಮನಸ್ಸು ಪೂರ್ತಿ ಈ ಕಡೆಗಿದೆ. ಇದನ್ನು ಪೆಟ್ಟಿಗೆಯಲ್ಲೇ ತರಿಸಬೇಕು ಅಂತ ಇಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ನಮಗಿರುವ ದೊಡ್ಡ ಅನುಕೂಲ ಲೇಥ್ ಅಂಗಡಿಗಳು. ಗೋಕುಲ ರೋಡ್, ತಾರಿಹಾಳ, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಎಲ್ಲಿ ಹೋದರೂ ಚಕ್ರ ತಿರುಗಿಸಿಕೊಡುವ ಕೈಗಳಿವೆ. ನನ್ನದನ್ನು ಕಾಕಾನೇ ಮಾಡಿಕೊಟ್ಟರು. ಮೂರು ಅಲ್ಯೂಮಿನಿಯಂ ಚಕ್ರ, 10 ಮಿ.ಮೀ. ಪ್ಲೇಟಿನ ಕಟ್ಟು, ಬಿಗಿ ಹಿಡಿಯಲು ಒಂದು ಸ್ಪ್ರಿಂಗ್.

ಮಾಡಿಸುವವರು ಮೂರು ಕಡೆ ಗಟ್ಟಿ ಇರಿ. ಮೇಲಿನ ಟ್ರ್ಯಾಕಿಂಗ್ ಚಕ್ರದ ಮೈ ನಡುವೆ ಸ್ವಲ್ಪ ಉಬ್ಬಿರಬೇಕು. ಆ ಉಬ್ಬಿನಿಂದಲೇ ಬೆಲ್ಟ್ ನಡುವೆ ನಿಲ್ಲುವುದು. ಪೂರ್ತಿ ಸಪಾಟು ಇದ್ದರೆ ಬೆಲ್ಟ್ ಪಕ್ಕಕ್ಕೆ ಜಾರುತ್ತಲೇ ಇರುತ್ತದೆ. ಬೇರಿಂಗಿಗೆ ಕಬ್ಬಿಣದ ಮುಚ್ಚಳದ್ದು ಬೇಡ, 6202 ನಂಬರಿನ ಬೇರಿಂಗಿನಲ್ಲಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ಧೂಳು ಒಳಗೆ ಹೋಗುವುದು ಕಡಿಮೆ. ಮೂರನೆಯದು ಮೋಟರ್. ವೇಗ ಹೆಚ್ಚು ಕಡಿಮೆ ಮಾಡಬೇಕಾದರೆ ತ್ರೀ ಫೇಸ್ ಮೋಟರ್ ಮತ್ತು ಸಿಂಗಲ್ ಫೇಸಿನಿಂದ ಓಡುವ ವಿಎಫ್‌ಡಿ (ಕರೆಂಟಿನ ಹರ್ಟ್ಸ್ ಬದಲಿಸಿ ಮೋಟರಿನ ವೇಗ ಹೊಂದಿಸುವ ಪೆಟ್ಟಿಗೆ) ಹಾಕಿ. ಮೋಟರಿನ ಪೆಟ್ಟಿಗೆಯಲ್ಲಿ ವೈಂಡಿಂಗಿನ ಆರೂ ತುದಿ ಹೊರಗೆ ಬಂದಿವೆಯಾ ನೋಡಿ. ಸ್ಟಾರ್, ಡೆಲ್ಟಾ ಅಂದರೆ ಈ ತುದಿಗಳನ್ನು ಜೋಡಿಸುವ ಎರಡು ರೀತಿ. 415 ವೋಲ್ಟಿಗೆ ಸ್ಟಾರ್ ಕಟ್ಟಿದ ಮೋಟರನ್ನು ಡೆಲ್ಟಾ ಮಾಡಿದರೆ 240ಕ್ಕೆ ಓಡುತ್ತದೆ. ವೈಂಡಿಂಗ್ ಗೊತ್ತಿರುವವರ ಕೈಯಲ್ಲೇ ಮಾಡಿಸಿ. ವಿಎಫ್‌ಡಿಯನ್ನು ಕಿಡಿ ಹಾರುವ ಕಡೆಯಿಂದ ದೂರ, ಧೂಳು ಹೋಗದ ಪೆಟ್ಟಿಗೆಯಲ್ಲಿ ಇಡಿ. ನಾನು ಹರಿತ ಮಾಡುವಾಗ ವೇಗ ಅರ್ಧಕ್ಕೆ ಇಳಿಸುತ್ತೇನೆ. ಮಾವನ ಕುಡುಗೋಲಿಗೆ ಕಮ್ಮಾರರಿಂದ ಮತ್ತೆ ಹದ ಹಾಕಿಸಿ ಹಾಗೇ ಉಜ್ಜಿಕೊಟ್ಟೆ. ಎರಡು ಸುಗ್ಗಿ ಆಯಿತು, ಬಾಯಿ ನಿಂತಿದೆ.

ಅಂಗಡಿಯಲ್ಲಿ ತಗೊಳ್ಳುವವರು ಒಂದು ಸ್ಟೀಲ್ ಸ್ಕೇಲ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಪ್ಲೇಟನ್ ಮೇಲೆ ನಿಲ್ಲಿಸಿ ಬೆಳಕು ನುಸುಳುತ್ತದೆಯಾ ನೋಡಿ. ಚಕ್ರವನ್ನು ಕೈಯಿಂದ ತಿರುಗಿಸಿ ಓಲಾಡುತ್ತದೆಯಾ ನೋಡಿ. ಹತ್ತು ನಿಮಿಷ ಓಡಿಸಲು ಹೇಳಿ, ಪಕ್ಕದಲ್ಲಿ ಒಂದು ಲೋಟ ನೀರು ಇಡಿ. ನೀರು ನಡುಗುವುದನ್ನು ನೋಡಿದರೆ ಚಕ್ರದ ಬ್ಯಾಲೆನ್ಸ್ ಎಷ್ಟಿದೆ ಗೊತ್ತಾಗುತ್ತದೆ.

ಧೂಳು, ಕಿಡಿ, ಅರ್ಥಿಂಗ್

ಇದನ್ನು ಓದದೆ ದಾಟಬೇಡಿ. ಅಲ್ಯೂಮಿನಿಯಂ ಧೂಳು ಮತ್ತು ತುಕ್ಕು ಹಿಡಿದ ಕಬ್ಬಿಣದ ಧೂಳು ಒಂದೇ ಕಡೆ ಸೇರಬಾರದು. ರೈಲ್ವೆ ಹಳಿ ಬೆಸೆಯುವ ಥರ್ಮಿಟ್ ಆಗುವುದು ಇವೆರಡರಿಂದಲೇ. ಕಿಡಿ ಬಿದ್ದರೆ ಆರಿಸಲು ಆಗದ ಬೆಂಕಿ. ಒಂದನ್ನು ಮುಗಿಸಿ, ಗುಡಿಸಿ, ಇನ್ನೊಂದು ಶುರು ಮಾಡಿ. ಸ್ಟೇನ್‌ಲೆಸ್ ಧೂಳಿನಲ್ಲಿ ಕ್ರೋಮಿಯಂ, ನಿಕಲ್ ಇರುತ್ತವೆ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು, ಕನಿಷ್ಠ ಎನ್95 ಮಾಸ್ಕ್ ಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ಬಟ್ಟೆಯ ಕೈಗವಸು, ಲುಂಗಿ, ಹೆಗಲ ಮೇಲಿನ ಟವೆಲ್ ಬೇಡ. ಬೆಲ್ಟ್ ಹಿಡಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಟೇಬಲ್ ಮತ್ತು ಬೆಲ್ಟಿನ ನಡುವೆ ಎರಡು-ಮೂರು ಮಿ.ಮೀ.ಗಿಂತ ಜಾಸ್ತಿ ಸಂದಿ ಬಿಡಬೇಡಿ. ಹರಿತ ಮಾಡುವಾಗ ಬೆಲ್ಟ್ ಬಾಯಿಯಿಂದ ಆಚೆ ಓಡುವಂತೆ ಹಿಡಿಯಿರಿ, ಬಾಯಿಗೆ ಎದುರಾಗಿ ಬೇಡ.

ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥಿಂಗ್ ಸಡಿಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ, ಶೆಡ್ಡಿನ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ.

ಕೊನೆಗೆ ಮತ್ತೆ ಬೆಲ್ಟ್

ಕಂದು ಬಣ್ಣದ ಅಲ್ಯೂಮಿನಿಯಂ ಆಕ್ಸೈಡ್ ಎಲ್ಲಕ್ಕಿಂತ ಅಗ್ಗ. ಮರಕ್ಕೆ, ಸಣ್ಣ ಫಿನಿಶಿಂಗಿಗೆ ಸಾಕು. ಉಕ್ಕು ಕೆತ್ತಲು ಜಿರ್ಕೋನಿಯಾ ಅಥವಾ ಸೆರಾಮಿಕ್ ಬೇಕು. ಇವುಗಳ ಹರಳು ಒತ್ತಡಕ್ಕೆ ಒಡೆದು ಹೊಸ ಮೊನೆ ಕೊಡುತ್ತದೆ. ನಿಧಾನ ಮಷೀನಿನಲ್ಲಿ, ಕಡಿಮೆ ಒತ್ತಡದಲ್ಲಿ ಆ ಗುಣ ಹೊರಬರುವುದೇ ಇಲ್ಲ, ದುಡ್ಡು ದಂಡ. ಬೆಲ್ಟಿನ ಬಟ್ಟೆಯೂ ಮುಖ್ಯ: "ಜೆ" ಅಂದರೆ ಮೆತ್ತಗೆ, ಬಾಗಿದ ಕಡೆಗೆ, "ಎಕ್ಸ್", "ವೈ" ಗಟ್ಟಿ, ಕೆತ್ತಲು. ಹಿಂದೆ ಬಾಣದ ಗುರುತು ಇದ್ದರೆ ಅದೇ ದಿಕ್ಕಿಗೆ ಹಾಕಿ. ಕಾರ್ಬೊರಂಡಂ ಯುನಿವರ್ಸಲ್, ಗ್ರೈಂಡ್‌ವೆಲ್ ನಾರ್ಟನ್ ನಮ್ಮ ದೇಶದಲ್ಲೇ ಇಂಥ ಉಜ್ಜುವ ಸಾಮಾನು ಮಾಡುತ್ತವೆ. ರೋಲಿನಿಂದ ಹೇಳಿದ ಅಳತೆಗೆ ಬೆಲ್ಟ್ ಅಂಟಿಸಿಕೊಡುವವರೂ ಇದ್ದಾರೆ. ನನ್ನ 686 ಕೂಡ ಕೊನೆಗೆ ಹಾಗೇ ಜೀವ ಹಿಡಿದುಕೊಂಡಿತು, ಆದರೆ ಒಮ್ಮೆಗೆ ಹತ್ತಿಪ್ಪತ್ತು ತಗೊಳ್ಳಬೇಕಾಯಿತು.

ಮಷೀನಿಗೆ ಅಡ್ವಾನ್ಸ್ ಕೊಡುವ ಮೊದಲು ಅದೇ ಅಳತೆಯ 60, 120, 240ರ ಬೆಲ್ಟ್ ಐದೈದು ಬೇಕು ಅಂತ ಕೇಳಿ ನೋಡಿ. ವಾರದೊಳಗೆ ಕೈಗೆ ಬಂದರೆ ಮುಂದೆ ಹೋಗಿ. ಬಂದ ಬೆಲ್ಟುಗಳನ್ನು ಮೊಳೆಗೆ ನೇತು ಹಾಕಬೇಡಿ, ಮಡಿಕೆ ಬಿದ್ದ ಕಡೆ ಹರಿಯುತ್ತದೆ. ನಾನು ನಾಲ್ಕು ಇಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಗೋಡೆಗೆ ಬಡಿದು ಅವುಗಳ ಮೇಲೆ ಹಾಕಿದ್ದೇನೆ. ಮಳೆಗಾಲಕ್ಕೆ ಮಾತ್ರ ಶೆಡ್ಡಿನಲ್ಲಿ ಇಡುವುದಿಲ್ಲ. ಜೂನ್‌ನಲ್ಲಿ ಮೊದಲ ಜಿಟಿಜಿಟಿ ಹಿಡಿದ ಕೂಡಲೇ ಪೈಪಿನ ಸಮೇತ ತೆಗೆದು ಮನೆಯೊಳಗೆ ಅಟ್ಟದ ಮೇಲೆ ಇಡುತ್ತೇನೆ. ತೇವಕ್ಕೆ ಬಟ್ಟೆ ಸುರುಳಿ ಹೊಡೆದರೆ ಒಳ್ಳೆಯ ಬೆಲ್ಟೂ ಚಕ್ರದ ಮೇಲೆ ನೇರ ಓಡುವುದಿಲ್ಲ.